ಒಬ್ಬರ ಪಥ್ಯ, ಮತ್ತೊಬ್ಬರ ಅಪಥ್ಯ

ತಿಂಗಳ ಸಭೆ ಮುಗಿದ ಮೇಲೆ ಒಟ್ಟಿಗೆ ಊಟಕ್ಕೆ ಕೂರುವುದು ಮುಂಬಯಿಯ ನಮ್ಮ ಕೂಟಕ್ಕೆ ಹಿರಿಯರು ಹಾಕಿಕೊಟ್ಟ ರೂಢಿ. ಹಿಂದೆ ಎರಡನೆಯ ಹೋಳಿಗೆಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದ ಪಂಕ್ತಿಯಲ್ಲಿ ಈಗ ಅರ್ಧಕ್ಕರ್ಧ ಜನ ಅನ್ನವನ್ನೇ ಬೇಡವೆನ್ನುತ್ತಾರೆ. ಕಳೆದ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರು, ಸ್ನೇಹಿತರಿಗೆ ಗುಣ ತಂದ ಪಥ್ಯದ ಚೀಟಿಯನ್ನು ನಕಲು ಮಾಡಿಕೊಂಡು, ಅನ್ನ, ಚಪಾತಿ, ಹಣ್ಣುಗಳನ್ನು ಒಂದೇ ದಿನದಲ್ಲಿ ಬಿಟ್ಟರು. ಇನ್ಸುಲಿನ್ನಿನ ಪ್ರಮಾಣವನ್ನು ಮಾತ್ರ ಹಾಗೆಯೇ ಮುಂದುವರಿಸಿದರು. ಐದನೆಯ ದಿನ ನಸುಕಿನಲ್ಲಿ ರಕ್ತದ ಸಕ್ಕರೆ ಕುಸಿದು ಅಡುಗೆಮನೆಯಲ್ಲಿ ಬಿದ್ದರು. ಎಚ್ಚರವಿದ್ದುದರಿಂದ ಮನೆಯವರು ಸಕ್ಕರೆನೀರು ಕುಡಿಸಿ ಉಳಿಸಿಕೊಂಡರು. ಆಮೇಲೆ ನೋಡಿದ ವೈದ್ಯರು ಹೇಳಿದ್ದು ಇಷ್ಟೇ: “ಪಥ್ಯ ತಪ್ಪಲ್ಲ. ಆದರೆ ಆ ಚೀಟಿ ನಿಮ್ಮ ಹೆಸರಿಗೆ ಬರೆದದ್ದಲ್ಲ.”

ಆ ಮಾತು ನಮ್ಮನ್ನು ಈ ಪಥ್ಯದ ಚರಿತ್ರೆಯತ್ತ ತಿರುಗಿಸಿತು. ಶರ್ಕರಪಿಷ್ಟವನ್ನು, ಎಂದರೆ ಕಾರ್ಬೋಹೈಡ್ರೇಟನ್ನು, ತಗ್ಗಿಸುವ ಆಹಾರಕ್ರಮ ನಿನ್ನೆ ಮೊನ್ನೆ ಹುಟ್ಟಿದ್ದೆಂದು ನಮ್ಮಲ್ಲಿ ಹಲವರು ಭಾವಿಸಿದ್ದೆವು. ವಾಸ್ತವವಾಗಿ ಅದಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕ ದಾಖಲೆಯಿದೆ. ಯಾರಿಗೆ, ಎಷ್ಟು, ಯಾವಾಗ ಎಂಬ ಪ್ರಶ್ನೆಯನ್ನು ಕೇಳಿಕೊಂಡಾಗ ಈ ಪಥ್ಯ ಗೆದ್ದಿದೆ, ಮರೆತಾಗ ಸೋತಿದೆ ಎಂಬುದು ಆ ದಾಖಲೆಯಿಂದ ನಮಗೆ ದೊರೆತ ತಿಳಿವಳಿಕೆ.

ಆ ಪ್ರಶ್ನೆಯಾದರೋ ಇನ್ನೂ ಹಳೆಯದು. ನಮ್ಮ ವೈದ್ಯಗ್ರಂಥಗಳ ‘ಪ್ರಮೇಹ’ವೆಂಬ ಮಾತಿನ ವ್ಯಾಪ್ತಿ ಇಂದಿನ ಮಧುಮೇಹಕ್ಕಿಂತ ದೊಡ್ಡದು. ಚರಕಸಂಹಿತೆಯು ಪ್ರಮೇಹಿಗೆ ಯವವನ್ನು, ಎಂದರೆ ಬಾರ್ಲಿಯನ್ನು, ಮುಖ್ಯ ಆಹಾರವಾಗಿ ವಿಧಿಸುತ್ತದೆ. ಅದಕ್ಕೂ ಮೊದಲು ರೋಗಿಗಳನ್ನು ಸ್ಥೂಲ ಮತ್ತು ಬಲವಂತ, ಕೃಶ ಮತ್ತು ದುರ್ಬಲ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯವನಿಗೆ ಶೋಧನವನ್ನೂ ಎರಡನೆಯವನಿಗೆ ಪೋಷಣೆಯನ್ನೂ ಹೇಳುತ್ತದೆ. ಸುಶ್ರುತಸಂಹಿತೆಯು ರೋಗವೇ ಎರಡು ಬಗೆಯದೆನ್ನುತ್ತದೆ: ಹುಟ್ಟಿನೊಂದಿಗೆ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು. ಬಡವನಾದ ರೋಗಿ ಪಾದರಕ್ಷೆ, ಕೊಡೆಗಳಿಲ್ಲದೆ ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎಂದು ವಿಧಿಸಿದ ಅದೇ ಗ್ರಂಥ, ಕೃಶನಾದವನನ್ನು ಮಾತ್ರ ಸದಾ ಕಾಪಾಡಬೇಕೆಂದು ಎಚ್ಚರಿಸುತ್ತದೆ. ಈ ಎಚ್ಚರಿಕೆಯ ಬೆಲೆ ಮುಂದೆ ತಿಳಿಯುತ್ತದೆ.

ಯುರೋಪಿನಲ್ಲಿ ಈ ಕಥೆ ಒಂದು ಪಾತ್ರೆಯ ತಳದಲ್ಲಿ ಮೊದಲಾಯಿತು. 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್, ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿದಾಗ ಉಳಿದದ್ದು ಸಕ್ಕರೆಯಂಥ ವಸ್ತುವೆಂದು ಪ್ರಕಟಿಸಿದ. ರೋಗಿಯ ರಕ್ತವೂ ಸಿಹಿಯೆಂದು ಕಂಡುಕೊಂಡ. ಇಪ್ಪತ್ತು ವರ್ಷಗಳ ಬಳಿಕ ಬ್ರಿಟಿಷ್ ಫಿರಂಗಿದಳದ ವೈದ್ಯ ಜಾನ್ ರೋಲೊ, ಧಾನ್ಯ ಮತ್ತು ತರಕಾರಿಯಿಂದ ಈ ಸಕ್ಕರೆ ಹುಟ್ಟುವುದಾದರೆ ಅವನ್ನೇ ನಿಲ್ಲಿಸಬೇಕೆಂದು ತರ್ಕಿಸಿದ. ಕ್ಯಾಪ್ಟನ್ ಮೆರೆಡಿತ್ ಎಂಬ ಅಧಿಕಾರಿಗೆ ಹಾಲು, ಸುಣ್ಣದ ತಿಳಿನೀರು, ಅಲ್ಪಸ್ವಲ್ಪ ರೊಟ್ಟಿ ಬೆಣ್ಣೆ, ಉಳಿದಂತೆ ಹಳಸಿದ ಮಾಂಸ ಮತ್ತು ಕೊಬ್ಬು ಇವುಗಳ ಪಥ್ಯವನ್ನು ವಿಧಿಸಿದ. ಮೆರೆಡಿತ್‌ನ ಮೂತ್ರದ ಸಿಹಿ ಮಾಯವಾಯಿತು. 1797ರಲ್ಲಿ ರೋಲೊ ಪ್ರಕಟಿಸಿದ ಗ್ರಂಥದಲ್ಲಿ ಎರಡನೆಯ ರೋಗಿಯ ವೃತ್ತಾಂತವೂ ಇದೆ. ಹೆಚ್ಚು ವಯಸ್ಸಾಗಿದ್ದ ಆ ಸೇನಾಧಿಕಾರಿಗೆ ಈ ಪಥ್ಯವನ್ನು ಹಿಡಿದು ನಡೆಯಲಾಗಲಿಲ್ಲ. ಪಥ್ಯ ನಾಲಿಗೆಯನ್ನೂ ಮನಸ್ಸನ್ನೂ ಒಪ್ಪಿಸಬೇಕೆಂಬ ಪಾಠ ಮೊದಲ ಪುಸ್ತಕದಲ್ಲಿಯೇ ಅಡಗಿತ್ತು.

ಆ ಪಾಠವನ್ನು ಚೆನ್ನಾಗಿ ಅರಿತವನು ಪ್ಯಾರಿಸಿನ ಅಪೊಲಿನೇರ್ ಬುಷಾರ್ದಾ. 1870-71ರಲ್ಲಿ ಪ್ರಷ್ಯನ್ ಸೈನ್ಯ ಪ್ಯಾರಿಸಿಗೆ ಮುತ್ತಿಗೆ ಹಾಕಿ ನಗರವೆಲ್ಲ ಹಸಿದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದುದನ್ನು ಅವನು ಗಮನಿಸಿದ. ಎಲ್ಲರನ್ನೂ ಹಸಿವಿಗೆ ದೂಡುವ ತೀರ್ಮಾನಕ್ಕೆ ಬರಲಿಲ್ಲ. ಹಿಟ್ಟು, ಸಕ್ಕರೆಗಳನ್ನು ತಗ್ಗಿಸಿ, ಅಂಟಿನ ಅಂಶವೇ ಹೆಚ್ಚಿರುವ ಬೇರೆ ಬಗೆಯ ರೊಟ್ಟಿಯನ್ನು ಕೊಟ್ಟು, ಮೈ ಬೆವರುವ ದುಡಿಮೆಯನ್ನು ವಿಧಿಸಿದ. ರೋಗಿಗಳೇ ದಿನವೂ ತಮ್ಮ ಮೂತ್ರವನ್ನು ಪರೀಕ್ಷಿಸಿಕೊಳ್ಳುವುದನ್ನು ಕಲಿಸಿದ. ಅವನ ಮಟ್ಟಿಗೆ ಆಹಾರದ ಪ್ರಮಾಣವನ್ನು ನಿರ್ಧರಿಸುವುದು ರೋಗಿಯ ದೇಹ ಕೊಡುವ ಉತ್ತರವಾಗಿತ್ತು.

ಇದಕ್ಕೆ ಕೆಲವೇ ವರ್ಷ ಮೊದಲು ಲಂಡನ್ನಿನಲ್ಲಿ ಈ ಪಥ್ಯಕ್ಕೆ ಜನಪ್ರಿಯತೆ ಬಂದಿತ್ತು. ವಿಲಿಯಂ ಬ್ಯಾಂಟಿಂಗ್ ರಾಜಮನೆತನದ ಶವಸಂಸ್ಕಾರಗಳ ಏರ್ಪಾಡು ಮಾಡುತ್ತಿದ್ದ ಗಣ್ಯ ವ್ಯಾಪಾರಿ. ಐದು ಅಡಿ ಐದು ಅಂಗುಲದ ಈ ಮನುಷ್ಯ 1862ರ ಆಗಸ್ಟಿನಲ್ಲಿ 202 ಪೌಂಡ್, ಎಂದರೆ ಸುಮಾರು 92 ಕಿಲೊ, ತೂಗುತ್ತಿದ್ದ. ದೋಣಿ ಹುಟ್ಟು ಹಾಕಿದ, ಕುದುರೆ ಏರಿದ, ಹಬೆಸ್ನಾನ ಮಾಡಿದ, ಯಾವುದೂ ಫಲಿಸಲಿಲ್ಲ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿವೈದ್ಯನ ಬಳಿಗೆ ಹೋದ. ಹಾರ್ವೆ ಪ್ಯಾರಿಸಿನಲ್ಲಿ ಕ್ಲೋದ್ ಬರ್ನಾರನ ಉಪನ್ಯಾಸಗಳನ್ನು ಕೇಳಿ, ಯಕೃತ್ತಿಗೂ ಸಕ್ಕರೆಗೂ ಇರುವ ಸಂಬಂಧವನ್ನು ತಿಳಿದು ಬಂದಿದ್ದವನು. ರೊಟ್ಟಿ, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿಸಿದ. ವರ್ಷದಲ್ಲಿ ಬ್ಯಾಂಟಿಂಗ್ 46 ಪೌಂಡ್ ಇಳಿದ, ಕಿವಿಯೂ ಸುಧಾರಿಸಿತು. 1863ರಲ್ಲಿ ಅವನು ಅಚ್ಚು ಹಾಕಿಸಿದ ಕಿರುಹೊತ್ತಗೆಯಿಂದ ಅವನ ಹೆಸರೇ ಪಥ್ಯದ ಹೆಸರಾಯಿತು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವುದಕ್ಕೆ ಇಂದಿಗೂ ‘ಬಾಂಟಾ’ ಎಂಬುದೇ ಪದ. ಆದರೆ ಒಬ್ಬ ಸ್ಥೂಲಕಾಯನಿಗೆ ಒಬ್ಬ ವೈದ್ಯ ಬರೆದ ಚೀಟಿಯನ್ನು ಸಾವಿರಾರು ಜನ ನಕಲು ಮಾಡಿಕೊಳ್ಳುವ ಪದ್ಧತಿಯೂ ಇಲ್ಲಿಯೇ ಬಲಗೊಂಡಿತು.

ಮುಂದಿನ ಅಧ್ಯಾಯ ಕರುಣಾಜನಕ. ನ್ಯೂಯಾರ್ಕಿನ ಫ್ರೆಡರಿಕ್ ಆಲನ್ 1914ರ ಸುಮಾರಿಗೆ ಕಟ್ಟುನಿಟ್ಟಾದ ಉಪವಾಸ ಚಿಕಿತ್ಸೆಯನ್ನು ಆರಂಭಿಸಿದ. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಉಪವಾಸ, ಬಳಿಕ ದೇಹ ತಾಳುವಷ್ಟೇ ಆಹಾರ. ತೂಕ, ಅಳತೆ ಎಲ್ಲವೂ ಪ್ರತಿಯೊಬ್ಬ ರೋಗಿಗೂ ಪ್ರತ್ಯೇಕ. ಆದರೆ ಅವನ ಬಳಿಗೆ ಬಂದವರಲ್ಲಿ ಸ್ಥೂಲಕಾಯರಿದ್ದಂತೆ, ದೇಹದಲ್ಲಿ ಇನ್ಸುಲಿನ್ನೇ ಬತ್ತಿಹೋಗಿದ್ದ ಎಳೆಯರೂ ಇದ್ದರು. ಸುಶ್ರುತನ ಗ್ರಂಥ ಕಾಪಾಡಬೇಕೆಂದ ಕೃಶರು ಇಂಥವರೇ. ಹಲವು ಮಕ್ಕಳು ರೋಗದಿಂದಲ್ಲದಿದ್ದರೆ ಹಸಿವಿನಿಂದ ತೀರಿಕೊಂಡರು. ಆಲನ್ ಕ್ರೂರಿಯಲ್ಲ, ಅವನ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ 11ನೆಯ ವಯಸ್ಸಿನಿಂದ ಇದೇ ಪಥ್ಯದಲ್ಲಿದ್ದಳು. 1922ರ ಆಗಸ್ಟಿನಲ್ಲಿ, 15 ತುಂಬುವ ಹೊತ್ತಿಗೆ, ಟೊರೊಂಟೊ ತಲುಪಿದಾಗ ಅವಳ ತೂಕ ಸುಮಾರು 20 ಕಿಲೊ. ಅಲ್ಲಿ ಮತ್ತೊಬ್ಬ ಬ್ಯಾಂಟಿಂಗ್, ಇನ್ಸುಲಿನ್ನನ್ನು ಶೋಧಿಸಿದ ಫ್ರೆಡರಿಕ್ ಬ್ಯಾಂಟಿಂಗ್, ಅವಳಿಗೆ ಚಿಕಿತ್ಸೆ ನೀಡಿದ. ಅವಳು 1981ರವರೆಗೆ ಬದುಕಿದಳು. ಪಥ್ಯ ಅವಳನ್ನು ಗುಣಪಡಿಸಲಿಲ್ಲ, ಔಷಧ ಬರುವ ತನಕ ಕಾಯುವಷ್ಟು ಉಸಿರನ್ನು ಉಳಿಸಿತ್ತು.

ಇನ್ಸುಲಿನ್ ಬಂದ ಮೇಲೆ ಶರ್ಕರಪಿಷ್ಟ ಮತ್ತೆ ತಟ್ಟೆಗೆ ಬಂದಿತು. 1948ರಲ್ಲಿ ಮದರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹ ವಿಭಾಗವನ್ನು ತೆರೆದ ಡಾ. ಎಂ. ವಿಶ್ವನಾಥನ್ ಅವರು, ನಾರಿನಂಶ ಹೆಚ್ಚಿರುವ, ಒಟ್ಟು ಕ್ಯಾಲರಿ ಕಡಿಮೆಯಿರುವ ಧಾನ್ಯಪ್ರಧಾನ ಆಹಾರವನ್ನೇ ರೋಗಿಗಳಿಗೆ ಕೊಟ್ಟು ಒಳ್ಳೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಅನ್ನವುಣ್ಣುವ ಜನಕ್ಕೆ ಹೊಂದುವ ದಾರಿಯನ್ನು ಅವರು ಹುಡುಕಿದ್ದರು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 12ನೆಯ ವಯಸ್ಸಿನಿಂದ ಮಧುಮೇಹಿಯಾಗಿದ್ದ ಈ ಎಂಜಿನಿಯರ್, ಆಸ್ಪತ್ರೆಗಳಿಗೂ ವೈದ್ಯರಿಗೂ ಮಾತ್ರ ಮಾರುತ್ತಿದ್ದ ರಕ್ತಪರೀಕ್ಷೆಯ ಯಂತ್ರವನ್ನು 1969ರಲ್ಲಿ ವೈದ್ಯೆಯಾದ ಪತ್ನಿಯ ಹೆಸರಿನಲ್ಲಿ ಕೊಂಡು, ದಿನಕ್ಕೆ ಹಲವು ಬಾರಿ ತಮ್ಮನ್ನೇ ಪರೀಕ್ಷಿಸಿಕೊಂಡರು. ಯಾವ ತುತ್ತು ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಲೆಕ್ಕವಿಟ್ಟು, ಶರ್ಕರಪಿಷ್ಟವನ್ನೂ ಅದಕ್ಕೆ ಸರಿಯಾಗಿ ಇನ್ಸುಲಿನ್ನನ್ನೂ ಒಟ್ಟಿಗೆ ತಗ್ಗಿಸಿದರು. ವೈದ್ಯಲೋಕ ಕಿವಿಗೊಡದಿದ್ದಾಗ 45ರ ಪ್ರಾಯದಲ್ಲಿ ವೈದ್ಯಕೀಯ ಕಾಲೇಜು ಸೇರಿದರು. 2025ರಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ದಾರಿಗಳು ಎದುರುಬದುರಾಗಿದ್ದರೂ ಇಬ್ಬರ ಕೈಯಲ್ಲಿಯೂ ಇದ್ದದ್ದು ಅಳತೆಯೇ.

2019ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ತಜ್ಞರು ಎರಡು ಮಾತುಗಳನ್ನು ಒಟ್ಟಿಗೆ ಹೇಳಿದರು: ರಕ್ತದ ಸಕ್ಕರೆಯನ್ನು ಸುಧಾರಿಸಲು ಶರ್ಕರಪಿಷ್ಟವನ್ನು ತಗ್ಗಿಸುವುದಕ್ಕೆ ಹೆಚ್ಚಿನ ಆಧಾರವಿದೆ, ಆದರೆ ಎಲ್ಲರಿಗೂ ಹೊಂದುವ ಒಂದೇ ಪ್ರಮಾಣವಿಲ್ಲ. ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಅಂದಾಜಾದ ನಮ್ಮ ದೇಶಕ್ಕೆ ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರು, ಮೂತ್ರಪಿಂಡ ದುರ್ಬಲವಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತಟ್ಟೆಯನ್ನು ಬದಲಿಸಬಾರದು. ಅಕ್ಕಿಯನ್ನು ಬಿಟ್ಟು ರಾಗಿಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ಹಿಡಿದವರು, ಅವುಗಳಲ್ಲಿಯೂ ಬಹುಪಾಲು ಶರ್ಕರಪಿಷ್ಟವೇ ಇರುವುದನ್ನು ನೆನಪಿಡಬೇಕು.

ನಮ್ಮ ಹಿರಿಯರು ಈಗಲೂ ಪಥ್ಯದಲ್ಲಿದ್ದಾರೆ. ವೈದ್ಯರು ಮೊದಲು ಇನ್ಸುಲಿನ್ನನ್ನು ತಗ್ಗಿಸಿ, ಆಮೇಲೆ ವಾರವಾರ ಅನ್ನವನ್ನು ತಗ್ಗಿಸಿದರು. ಹೋದ ತಿಂಗಳ ಪಂಕ್ತಿಯಲ್ಲಿ ಅವರ ಎಲೆಯ ಮೇಲೆ ಎರಡು ಬಗೆಯ ಪಲ್ಯ, ಕೋಸಂಬರಿ, ಮಜ್ಜಿಗೆ, ಒಂದು ಸಣ್ಣ ಸೌಟು ಅನ್ನ ಇದ್ದವು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಬೆರಳು ಚುಚ್ಚಿ ಅಳೆದು, ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಪಕ್ಕದಲ್ಲಿದ್ದವರೊಬ್ಬರು ಆ ಪುಸ್ತಕದ ಪ್ರತಿ ಸಿಗಬಹುದೇ ಎಂದು ಕೇಳಿದರು. ಅವರು ನಕ್ಕು ಪುಸ್ತಕವನ್ನು ಜೇಬಿಗಿಟ್ಟುಕೊಂಡು, ವೈದ್ಯರ ವಿಳಾಸವನ್ನು ಬರೆದುಕೊಟ್ಟರು.