ದುರ್ಗದ ಸೀಮೆಯಲ್ಲಿ ಸಮೀಕ್ಷೆಯ ಸಾಧನಗಳು

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು ಸೀಮೆಯ ವಿಚಾರಣೆಗೆ ಕಳುಹಿಸಿದಾಗ, ಏನೇನು ವಿಚಾರಿಸಬೇಕೆಂಬುದರ ಪಟ್ಟಿಯನ್ನೂ ಕೊಟ್ಟಿದ್ದನು. ಬೇಸಾಯ, ದನಗಳ ತಳಿ, ಹತ್ತಿ, ಮೆಣಸು, ಗಂಧ, ಗಣಿ, ಕೈಗಾರಿಕೆಗಳೆಂದು ಸಾಗುವ ಆ ಪಟ್ಟಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಕ್ಕೆ ಬೇಕಾದುದಕ್ಕೆ ಪ್ರಾಧಾನ್ಯವಿದ್ದುದು ಸಹಜವೇ. ಇಂದು ಉದ್ದಿಮೆಗಳು ಆನ್‌ಲೈನ್ ಸಮೀಕ್ಷೆಗಾಗಿ, ಅಂದರೆ ಅಂತರ್ಜಾಲದ ಮೂಲಕ ಗಿರಾಕಿಗಳ ಅಭಿಪ್ರಾಯ ಸಂಗ್ರಹಿಸುವುದಕ್ಕಾಗಿ, ಸಾಧನವನ್ನು ಆರಿಸುವಾಗ ಎದುರಾಗುವ ಪ್ರಶ್ನೆಗಳಲ್ಲಿ ಹಲವು ಆ ಪಟ್ಟಿ ದುರ್ಗದ, ಅಂದರೆ ಚಿತ್ರದುರ್ಗದ, ಸೀಮೆಗೆ ಬಂದಾಗಲೇ ಎದುರಾಗಿದ್ದವು.

1801ರಲ್ಲಿ ಚಿತ್ರದುರ್ಗವನ್ನು ಹಾದು ಹಿರಿಯೂರಿಗೆ ಬಂದ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡಿನ ಗಾಜಿನ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾನೆ. ಬಳೆಗಳಿಗೆ ಬೇಕಾದ ಗಾಜನ್ನು ಅಲ್ಲಿನ ಕುಶಲಿಗಳು ಕ್ಷಾರದ ಸೌಳು ಮಣ್ಣನ್ನೂ ಬಿಳಿಗಲ್ಲಿನ ಪುಡಿಯನ್ನೂ ಕುಲುಮೆಯಲ್ಲಿ ಕರಗಿಸಿ, ಹಲವು ಬಣ್ಣಗಳಲ್ಲಿ ತಯಾರಿಸುತ್ತಿದ್ದರು. ಇಷ್ಟು ಸೂಕ್ಷ್ಮವಾದ ವಿವರ ದೊರೆತುದು ಪಟ್ಟಿಯ ಬಲದಿಂದಲ್ಲ, ಕೆಲಸ ನಡೆಯುವ ಜಾಗದಲ್ಲಿ ಕೆಲಸ ಬಲ್ಲವರನ್ನೇ ಕೇಳಿದುದರಿಂದ ಎಂಬುದು ಗಮನಾರ್ಹ. ಆದರೆ ಕನ್ನಡ ಬಾರದ ಬುಕಾನನ್ ದುಭಾಷಿಗಳನ್ನು ನೆಚ್ಚಬೇಕಾಗಿತ್ತು. ಇಳುವರಿಯನ್ನು ಕೇಳಿದರೆ ಕಂದಾಯ ಏರೀತೆಂಬ ಅಂಜಿಕೆಯಿಂದ ರೈತರು ಕಡಿಮೆ ಹೇಳುವುದು ಅಸಹಜವಾಗಿರಲಿಲ್ಲ. ಆದುದರಿಂದ ಅವನು ಕೆಲವೆಡೆ ಹೊಲಗಳನ್ನು ಅಳೆಸಿ, ಹೇಳಿಕೆಯನ್ನು ಅಳತೆಯೊಡನೆ ತಾಳೆ ನೋಡುತ್ತಿದ್ದನು. ಉತ್ತರಿಸುವವನ ಮನಸ್ಸಿನ ಭಯವನ್ನು ಲೆಕ್ಕಕ್ಕೆ ಹಿಡಿದ ಈ ಎಚ್ಚರವೇ ಅವನ ಬರಹದ ದೊಡ್ಡ ಗುಣ.

ಅದೇ ಕಾಲದಲ್ಲಿ ಮೈಸೂರಿನ ಭೂಪಟ ಸಮೀಕ್ಷೆ ನಡೆಸಿದ ಕಾಲಿನ್ ಮೆಕೆಂಜಿ ಬೇರೆ ದಾರಿ ಹಿಡಿದನು. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂತಹ ದೇಶೀಯ ಸಹಾಯಕರು ಊರೂರು ತಿರುಗಿ, ಶಾಸನಗಳನ್ನೂ ಕೈಫಿಯತ್ತುಗಳನ್ನೂ, ಅಂದರೆ ಊರಿನ ಪೂರ್ವವೃತ್ತಾಂತದ ಬರಹಗಳನ್ನೂ, ಸಂಗ್ರಹಿಸಿದರು. ಕೇಳುವವನು ನೆಲದ ರೀತಿನೀತಿಗಳನ್ನು ಬಲ್ಲವನಾದರೆ ಪಟ್ಟಿಯಲ್ಲಿಲ್ಲದ ಸಂಗತಿಯೂ ಹೊರಬರುತ್ತದೆಂಬುದಕ್ಕೆ ಆ ಸಂಗ್ರಹವೇ ಸಾಕ್ಷಿ.

ಮುಂದೆ ಕೇಳುವ ಕ್ರಮ ಕಟ್ಟುನಿಟ್ಟಾಯಿತು. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಕಂದಾಯ ಮೋಜಣಿಯೊಡನೆ 33 ಅಡಿಯ ಸರಪಳಿಯೂ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವೂ ನೆಲೆಗೊಂಡವು. 1871ರ ಜನಗಣತಿಯೊಡನೆ ಏಕರೂಪದ ನಮೂನೆ ಬಂದಿತು. ಅಂಗಡಿ, ಕಾರ್ಖಾನೆ, ಮನೆಯೊಳಗಿನ ಕಸುಬುಗಳನ್ನು ಎಣಿಸುವ ರಾಷ್ಟ್ರೀಯ ಆರ್ಥಿಕ ಗಣತಿ 1977ರಲ್ಲಿ ಮೊದಲಾಯಿತು. 2019ರಲ್ಲಿ ತೊಡಗಿದ ಏಳನೆಯ ಗಣತಿಯಲ್ಲಿ ಕಾಗದದ ಸ್ಥಾನವನ್ನು ಮೊಬೈಲ್ ಆ್ಯಪ್ ಪಡೆಯಿತು. ನಮೂನೆಯಿಂದ ಹೋಲಿಕೆ ಸುಲಭವಾದುದು ನಿಜವಾದರೂ, ಮತ್ತೋಡಿನ ಕುಲುಮೆಯಂತಹ ವಿವರ ಅಂಥ ಚೌಕಟ್ಟಿನೊಳಗೆ ಹಿಡಿಯುವುದು ಕಷ್ಟ.

ಹೊಳಲ್ಕೆರೆಯ ಅಡಕೆ ವ್ಯಾಪಾರಿಯೋ ಹೊಸದುರ್ಗದ ತೆಂಗಿನ ಸಂಸ್ಥೆಯೋ ಈ ಪಾಠಗಳನ್ನು ನೆನೆದು ಇಂದು ಆನ್‌ಲೈನ್ ಸಮೀಕ್ಷೆಯ ಸಾಧನವನ್ನು ಆರಿಸುವುದಾದರೆ, ಬೆಲೆಯನ್ನೂ ಬಣ್ಣದ ನಕ್ಷೆಗಳನ್ನೂ ನೋಡುವ ಮೊದಲು ಅದರಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡುತ್ತದೆಯೇ, ಸಿಗ್ನಲ್ ಇಲ್ಲದ ತೋಟದಲ್ಲೂ ಉತ್ತರ ಉಳಿಯುತ್ತದೆಯೇ, ಹೆಸರು ಹೇಳದೆ ಉತ್ತರಿಸಬಹುದೇ, ಆಯ್ಕೆಗಳ ಕೆಳಗೆ ಸ್ವಂತ ಮಾತಿಗೆ ಜಾಗವಿದೆಯೇ ಎಂಬುದನ್ನು ಪರಿಶೀಲಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದ ಬೆಳೆಗಾರರನ್ನು ಮಂಡಿಯಲ್ಲೇ ಕಂಡು ಕೇಳದಿದ್ದರೆ, ಫಲಿತಾಂಶವು ಫೋನ್ ಉಳ್ಳವರ ಅಭಿಪ್ರಾಯವನ್ನಷ್ಟೇ ಹೇಳುತ್ತದೆ.