ಪಟ್ಟೆ ಇಲ್ಲದ ದಾರಿ

ನಮ್ಮ ಕಡೆ ಹಿಂದೆ ಮಗಳನ್ನು ಕೊಡುವವರು ಹುಡುಗನ ಮನೆ ನೋಡಲು ಬಂದರೆ ಮೊದಲು ಬಾವಿಗೆ ಇಣುಕುತ್ತಿದ್ದರು. ಬೇಸಗೆಯಲ್ಲಿ ನೀರು ಎಷ್ಟು ಇಳಿಯುತ್ತದೆ ಎಂದು ವಿಚಾರಿಸಿ, ಆಮೇಲೆ ಜಗಲಿಗೆ ಬಂದು ಬೆಲ್ಲ ನೀರು ಕುಡಿಯುತ್ತಿದ್ದರು. ಈಗ ಬಾವಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಕೊಳವೆಬಾವಿ ಇದ್ದೇ ಇರುತ್ತದೆ ಎಂಬ ಧೈರ್ಯ. ಕೇಳುವುದು ಒಂದೇ ಮಾತು: “ಅಂಗಳದವರೆಗೆ ಗಾಡಿ ಬರ್ತದಾ?”

ಘಟ್ಟದ ಮೇಲಿನವರಿಗೆ ಈ ಪ್ರಶ್ನೆಯ ತೂಕ ಸುಲಭದಲ್ಲಿ ಗೊತ್ತಾಗಲಾರದು. ಬಯಲುಸೀಮೆಯ ಹಳ್ಳಿ ಎಂದರೆ ಒತ್ತಾಗಿ ಕೂತ ಮನೆಗಳು, ನಡುವೆ ಬೀದಿ. ಅಲ್ಲಿ ದಾರಿಯ ಜಗಳ ಇದ್ದರೆ ಅದು ಹೊಲಕ್ಕೆ ಹೋಗುವ ದಾರಿಯದ್ದು. ನಮ್ಮ ದಕ್ಷಿಣ ಕನ್ನಡದಲ್ಲಿ ಊರೆಂದರೆ ಒಂದು ಬೈಲು, ಅದರ ಎರಡೂ ಕಡೆ ಗುಡ್ಡೆ, ಗುಡ್ಡೆಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಮನೆ. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದ ಪರಿಮಳ ಇನ್ನೊಬ್ಬರಿಗೆ ತಲುಪದು. ಇಂಥಲ್ಲಿ ಯಾವ ಮನೆಗೆ ಹೋಗಬೇಕಿದ್ದರೂ ಇನ್ನೊಬ್ಬರ ಗದ್ದೆಯನ್ನೋ ತೋಟವನ್ನೋ ದಾಟದೆ ಉಪಾಯವಿಲ್ಲ. ಒಳಗಿನ ಮನೆಯವರ ದಾರಿ ಎಂದರೆ ಹೊರಗಿನ ಮನೆಯವರ ನೆಲ.

ಆ ದಾರಿಯಾದರೂ ಒಂದೇ ಗೆರೆಯಾಗಿತ್ತೆ? ಮಳೆಗಾಲದಲ್ಲಿ ಏಣಿಲು ನಾಟಿಯಾದ ಮೇಲೆ ಗದ್ದೆಗೆ ಕಾಲಿಡುವಂತಿಲ್ಲ. ಆಗ ಗುಡ್ಡೆಯ ಬದಿಯಲ್ಲಿ, ಅಗಳಿನ ಅಂಚಿನಲ್ಲಿ, ಜಾರುವ ಮುರಕಲ್ಲಿನ ಮೇಲೆ ಸುತ್ತುಬಳಸಿ ನಡೆಯಬೇಕು. ಗದ್ದೆಗಳ ನಡುವೆ ಕಟ್ಟಪುಣಿ ಇದ್ದರೆ ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬಹುದು, ಎದುರಿನಿಂದ ಗೊರಬೆ ಹಾಕಿದವರು ಬಂದರೆ ಒಬ್ಬರು ಕೆಸರಿಗೆ ಇಳಿಯಲೇಬೇಕು. ತೋಡಿಗೆ ಅಡಿಕೆ ಮರದ ಸಂಕ. ಬೇಲಿ ಬಂದಲ್ಲಿ ತಡಮೆ: ಜನ ಹತ್ತಿ ಇಳಿಯಬಹುದು, ದನ ದಾಟಲಾರದು. ಕೊಯ್ಲು ಮುಗಿದು ಗದ್ದೆ ಒಣಗಿತೋ, ಆ ಸುತ್ತು ದಾರಿಯನ್ನು ಎಲ್ಲರೂ ಮರೆತು ಬೈಲಿನ ನಡುವಿನಿಂದ ನೇರವಾಗಿ ಹೊಡೆಯುತ್ತಿದ್ದರು. ಸುಗ್ಗಿ ಬೆಳೆ ಇದ್ದವರ ಗದ್ದೆಯಲ್ಲಿ ಇನ್ನೊಂದು ಬಳಸು. ಹೀಗೆ ಒಂದೇ ಮನೆಗೆ ವರ್ಷದಲ್ಲಿ ಮೂರು ದಾರಿ. ಅದನ್ನು ಬದಲಾಯಿಸಲು ಯಾರ ಅಪ್ಪಣೆಯನ್ನೂ ಬೇಡುತ್ತಿರಲಿಲ್ಲ, ಬೆಳೆಯೇ ಹೇಳುತ್ತಿತ್ತು. ಕಾನೂನಿಗೆ ಮಾತ್ರ ಇಂಥ ದಾರಿ ಹಿಡಿಸುವುದಿಲ್ಲ. ಅದಕ್ಕೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾವ ಸರ್ವೆ ನಂಬ್ರ ಎಂದು ಬೇಕು.

ದಾರಿ ತಡೆಯುವ ಬುದ್ಧಿ ಇಂದಿನದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ದಂಡದ ಪಟ್ಟಿಯೇ ಇದೆ. ಮನುಷ್ಯರೂ ಸಣ್ಣ ಪ್ರಾಣಿಗಳೂ ನಡೆಯುವ ದಾರಿಯನ್ನು ತಡೆದರೆ 12 ಪಣ, ದೊಡ್ಡ ಜಾನುವಾರುಗಳ ದಾರಿಗೆ 24, ಆನೆಯ ದಾರಿ ಮತ್ತು ಹೊಲದ ದಾರಿಗೆ 54. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥವನ್ನು ತರಗತಿಯಲ್ಲಿ ಪಾಠ ಮಾಡುವಾಗ ನಾನು ಸಪ್ತಾಂಗ ಸಿದ್ಧಾಂತಕ್ಕಿಂತ ಈ ದಂಡದ ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಮಕ್ಕಳು ಕೂಡಲೇ ಎಚ್ಚರಾಗುತ್ತಾರೆ, ಯಾಕೆಂದರೆ ಪ್ರತಿ ಬೆಂಚಿನಲ್ಲೂ ಒಂದು ದಾರಿ ತಕರಾರಿನ ಮನೆಯ ಮಗು ಇರುತ್ತದೆ. ರೋಮನರಲ್ಲಿಯೂ ಹೀಗೇ ಮೂರು ಬಗೆ. ನಡೆದು ಹೋಗುವ ಹಕ್ಕು ಬೇರೆ, ದನ ಹೊಡೆದುಕೊಂಡು ಹೋಗುವ ಹಕ್ಕು ಬೇರೆ, ಗಾಡಿಯ ಹಕ್ಕು ಬೇರೆ. ಗಾಡಿದಾರಿಯ ಅಗಲ ನೇರ ಇದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ. ತಿರುವಿಗೆ ಇಮ್ಮಡಿ ಜಾಗ ಬೇಕೆಂಬುದು ಎರಡು ಸಾವಿರ ವರ್ಷಕ್ಕೂ ಹಿಂದಿನವರಿಗೆ ತಿಳಿದಿತ್ತು. ನಮ್ಮಲ್ಲಿ ಈಗಲೂ ತಿರುವಿನಲ್ಲಿಯೇ ಕಲ್ಲುಕಂಬ ಹುಗಿಯುತ್ತಾರೆ!

ನಮಗೆ ಬರಹದ ಕಾನೂನು ಬಂದದ್ದು 1882ರಲ್ಲಿ. ಕೆನರಾ ಜಿಲ್ಲೆ ಒಡೆದು, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಗಿ, ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿದಿತ್ತಷ್ಟೆ. ಆ ವರ್ಷ ಜಾರಿಗೆ ಬಂದ ಭಾರತೀಯ ಈಸ್‌ಮೆಂಟ್ ಕಾಯ್ದೆ ಮೊದಲಿಗೆ ಅನ್ವಯವಾದದ್ದು ಮದರಾಸು, ಮಧ್ಯಪ್ರಾಂತ್ಯ ಮತ್ತು ಕೊಡಗಿಗೆ. ಮುಂಬಯಿ ಪ್ರಾಂತ್ಯಕ್ಕೆ ಅದನ್ನು ವಿಸ್ತರಿಸಿದ್ದು 1891ರಲ್ಲಿ. ಹಾಗಾಗಿ ಪುತ್ತೂರಿನ ಕಾಲುದಾರಿಗೆ ಕುಮಟೆಯ ಕಾಲುದಾರಿಗಿಂತ ಒಂಬತ್ತು ವರ್ಷ ಮೊದಲೇ ಕಾನೂನಿನ ಪುಸ್ತಕ ದೊರೆಯಿತು.

ವಕೀಲರ ಭಾಷೆಯಲ್ಲಿ ಅನುಭೋಗದ ಹಕ್ಕು ಎನ್ನುವ ಇದು ಇನ್ನೊಬ್ಬರ ನೆಲ ನಮ್ಮದಾಗದೆಯೂ ಅದರ ಮೇಲೆ ನಮಗಿರುವ ಹಕ್ಕು. 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಬಹಿರಂಗವಾಗಿ, ಹಕ್ಕೆಂದೇ ನಡೆದಿದ್ದರೆ ದಾರಿ ಸಿಗುತ್ತದೆ. ಸರಕಾರಿ ಜಾಗವಾದರೆ 30 ವರ್ಷ. 1963ರ ಕಾಲಮಿತಿ ಕಾಯ್ದೆಗೆ ಮೊದಲು ಅದು 60 ಆಗಿತ್ತು. ಕುಮ್ಕಿಯಲ್ಲಿ ಹಾದು ಹೋಗುವ ನಮ್ಮ ಎಷ್ಟೋ ದಾರಿಗಳಿಗೆ ಈ ಲೆಕ್ಕ ಬೇಕಾಗುತ್ತದೆ. ಒಂದೇ ಆಸ್ತಿ ಪಾಲಾಗಿ ಒಬ್ಬನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಅನಿವಾರ್ಯತೆಯ ದಾರಿ ಎಂದು ಇನ್ನೊಂದುಂಟು. ಆದರೆ ದೂರವಾಗುತ್ತದೆ, ಏರಾಗುತ್ತದೆ ಎಂದರೆ ಸಾಲದು. ದಾರಿಯೇ ಇಲ್ಲ ಎಂದಾಗಬೇಕು.

ನನಗೆ ಬಹಳ ಅರ್ಥವತ್ತಾಗಿ ಕಂಡದ್ದು 23ನೇ ಮತ್ತು 28ನೇ ಸೆಕ್ಷನ್‌ಗಳು. ಬೇರೆ ಅನುಭೋಗದ ಹಕ್ಕುಗಳನ್ನು ಅನುಭವಿಸುವ ರೀತಿಯನ್ನೂ ಜಾಗವನ್ನೂ, ನೆಲದವನಿಗೆ ಹೆಚ್ಚಿನ ಹೊರೆಯಾಗದ ಹಾಗೆ, ಹಕ್ಕುದಾರ ಬದಲಾಯಿಸಿಕೊಳ್ಳಬಹುದಂತೆ. ದಾರಿಯನ್ನು ಮಾತ್ರ ಹಾಗೆ ಮಾಡುವಂತಿಲ್ಲ. ಹೊರೆ ಹೆಚ್ಚದಿದ್ದರೂ ನಡೆಯುವವನು ತನ್ನ ಮನಸ್ಸಿಗೆ ಬಂದಂತೆ ಗೆರೆ ಬದಲಾಯಿಸಕೂಡದು. ಅದೇ ರೀತಿ ನೆಲದವನೂ ಒಮ್ಮೆ ಗೊತ್ತಾದ ದಾರಿಯನ್ನು ತಾನೊಬ್ಬನೇ ಎತ್ತಿ ಇನ್ನೊಂದು ಬದಿಗೆ ಇಡಲಾರ. ಇಬ್ಬರೂ ಒಪ್ಪಬೇಕು. 28ನೆಯದು ರೋಮನರ ಮಾತನ್ನೇ ಹೇಳುತ್ತದೆ: ಬೇರೆ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ, ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ಅಜ್ಜಿಯ ಕಾಲದಿಂದ ನಡೆದ ಕಾಲುದಾರಿಯಲ್ಲಿ ಮೊಮ್ಮಗನ ರಿಕ್ಷಾಕ್ಕೆ ಹಕ್ಕು ತಾನಾಗಿ ಹುಟ್ಟದು.

ಇಷ್ಟೆಲ್ಲ ಇದ್ದರೂ ಮುಂದಿನ ತೊಂಬತ್ತು ವರ್ಷ ಈ ಕಾಯ್ದೆಯ ನೆನಪು ನಮ್ಮ ಬೈಲುಗಳಲ್ಲಿ ಹೆಚ್ಚಿನವರಿಗೆ ಬೇಕಾಗಲಿಲ್ಲ. ಕಾರಣ ಸರಳ. ಇಡೀ ವರ್ಗ ಒಬ್ಬ ಧನಿಯದ್ದು, ಗೇಣಿ ಒಕ್ಕಲುಗಳು ಅವರ ನೆಲದಲ್ಲಿ ಮನೆ ಕಟ್ಟಿ, ಅವರ ನೆಲದಲ್ಲೇ ನಡೆಯುತ್ತಿದ್ದರು. ಒಕ್ಕಲು ಧನಿಯ ನೆಲದಲ್ಲಿ ಎಷ್ಟು ವರ್ಷ ನಡೆದರೂ ಅದು ಧನಿಗೆ ಎದುರಾದ ಹಕ್ಕಾಗದು ಎಂಬುದು ನ್ಯಾಯಾಲಯಗಳ ಹಳೆಯ ನಿಲುವು. ಧನಿ ಒಳ್ಳೆಯವರಾದರೆ ದಾರಿ ಅಗಲ, ಸಿಟ್ಟು ಬಂದರೆ ತಡಮೆಗೆ ಮುಳ್ಳು.

ಆಮೇಲೆ ಬಂತು 1974ರ ಭೂಸುಧಾರಣೆಯ ತಿದ್ದುಪಡಿ. ಆ ವರ್ಷದ ಮಾರ್ಚ್ 1ರಂದು ಗೇಣಿಯ ಜಮೀನು ಸರಕಾರಕ್ಕೆ ಸೇರಿತು. ಒಕ್ಕಲುಗಳು 7ನೇ ನಂಬ್ರದ ಫಾರಂ ತುಂಬಿಸಿ ಭೂನ್ಯಾಯ ಮಂಡಳಿಗೆ ಕೊಟ್ಟರು, 1979ರ ಜೂನ್ 30 ಕೊನೆಯ ದಿನ. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್’ ಎಂದೇ ಹೆಸರು. ನಾನು ಆಗ ಚಿಕ್ಕವಳು. ‘ಅವರಿಗೆ ಡಿಕ್ಲರೇಶನ್ ಆಯಿತಂತೆ’ ಎಂದು ಹಿರಿಯರು ಹೇಳಿದರೆ ಯಾವುದೋ ರೋಗವಿರಬೇಕೆಂದು ಹೆದರುತ್ತಿದ್ದೆ. ತಲೆಮಾರುಗಳಿಂದ ಗೇಣಿ ಅಳೆದು ಬೆನ್ನು ಬಾಗಿದವರಿಗೆ ಭೂಮಿಯ ಒಡೆತನ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಈ ಜಿಲ್ಲೆಯ ಮಕ್ಕಳು ಶಾಲೆಗೆ ಬಂದದ್ದರ ಹಿಂದೆ ಅದೂ ಒಂದು ಕಾರಣವೆಂದು ನಾನು ನಂಬಿದವಳು.

ಆದರೆ ದಾರಿಯ ವಿಚಾರಕ್ಕೆ ಬಂದರೆ, ನಮ್ಮ ಬೈಲಿನವರು ತಂದು ತೋರಿಸಿದ ಆ ಕಾಲದ ಕಾಗದಗಳನ್ನು ನಾನು ಓದಿ ಹೇಳಿದ್ದೇನೆ. ಸರ್ವೆ ನಂಬ್ರ ಇದೆ, ಎಕ್ರೆ ಸೆಂಟ್ಸ್ ಇದೆ, ನಾಲ್ಕು ದಿಕ್ಕಿನ ಗಡಿ ಇದೆ. ದಾರಿಯ ಮಾತು ಅವುಗಳಲ್ಲಿ ಒಂದರಲ್ಲೂ ಇಲ್ಲ. ಹಳೆಯ ಗ್ರಾಮ ನಕ್ಷೆಯಲ್ಲಿ ತುಂಡುಗೆರೆಯ ಕಾಲುದಾರಿಯೂ ಜೋಡಿ ತುಂಡುಗೆರೆಯ ಗಾಡಿದಾರಿಯೂ ಇರುವುದುಂಟು, ಅಂಗಳಕ್ಕೆ ತಿರುಗುವ ಕವಲು ದಾರಿ ಅದರಲ್ಲಿ ಇಲ್ಲ. ಭೂಮಿಗೆ ಪಟ್ಟೆ ಬಂತು, ಆ ಭೂಮಿಗೆ ಹೋಗುವ ದಾರಿಗೆ ಬರಲಿಲ್ಲ.

ಮೊದಲಿಗೆ ಯಾರಿಗೂ ಇದು ಗೊತ್ತಾಗಲಿಲ್ಲ. ಗದ್ದೆ ಇರುವಷ್ಟು ದಿನ ದಾರಿಗೆ ಸೆಳವು ಇತ್ತು, ಆಚೀಚೆ ಆದರೂ ನಡೆಯುತ್ತಿತ್ತು. ಬೈಲು ಅಡಿಕೆ ತೋಟವಾಗಿ, ಗುಡ್ಡೆಗೆ ರಬ್ಬರ್ ಬಂದು, ಕೇರ್ಪಿನ ಬೇಲಿ ಹೋಗಿ ತಂತಿ ಬೇಲಿ ಬಂದ ಮೇಲೆ ಉಳಿದದ್ದು ಒಂದೇ ಗೆರೆ. ಜೇಸೀಬಿ ಬಂದ ಮೇಲಂತೂ ಒಂದು ಬೆಳಿಗ್ಗೆಯೊಳಗೆ ಗೆರೆಯೇ ಮಾಯ.

ನಮ್ಮ ಮನೆಯ ವಿಷಯವನ್ನು ಹೇಳದೆ ಈ ಪ್ರಬಂಧ ಪೂರ್ತಿಯಾಗದು. ನನ್ನ ಗಂಡನ ಮನೆಯವರದ್ದು ಸಣ್ಣ ವರ್ಗ. ತೋಟದ ಮೇಲ್ಬದಿಯಲ್ಲಿ ಡಿಕ್ಲರೇಶನ್ ಆದ ಎರಡು ಮನೆಗಳಿವೆ, ಇಬ್ಬರ ದಾರಿಯೂ ನಮ್ಮ ತೋಟದೊಳಗಿನಿಂದ. ಕೆಲವು ವರ್ಷಗಳ ಹಿಂದೆ ನನ್ನ ಮೈದುನ ಬೇರೆ ಮನೆ ಕಟ್ಟಲು ಹೊರಟ. ಸಮತಟ್ಟಾದ ಒಳ್ಳೆಯ ಜಾಗ ಸಿಕ್ಕಿದ್ದು ದಾರಿ ಹಾದುಹೋಗುವಲ್ಲಿಯೇ. ದಾರಿಯನ್ನು ಗುಡ್ಡೆಯ ಬದಿಗೆ ಸರಿಸುವುದೆಂದು ಅವನು ನಕ್ಷೆಯಲ್ಲಿ ತೋರಿಸಿದ, ಕನ್ವರ್ಶನ್ ಆಯಿತು, ಪಂಚಾಯತಿನಿಂದ ಪರವಾನಗಿಯೂ ಬಂತು. ನಕ್ಷೆಗೆ ಸೀಲು ಬಿದ್ದ ಮೇಲೆ ದಾರಿಯೂ ಬದಲಾದಂತೆ ಎಂದು ಅವನ ಲೆಕ್ಕ.

ಮೇಲಿನ ಮನೆಯ ಅಕ್ಕ ಒಂದು ಸಂಜೆ ಬಂದು ಜಗಲಿಯ ಮೆಟ್ಟಿಲಲ್ಲಿ ಕುಳಿತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

“ಟೀಚರೇ, ಪಂಚಾಯತಿನವರು ಲೈಸನ್ಸ್ ಕೊಟ್ಟದ್ದು ನಿಮ್ಮ ಮೈದುನರ ಮನೆಗೆ ಅಲ್ಲವಾ? ನನ್ನ ದಾರಿ ತೆಗೀಲಿಕ್ಕೆ ಕೊಟ್ಟದ್ದಲ್ಲವಲ್ಲ?”

ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಕೇಳಿದ ಈ ಮಾತಿಗಿಂತ ಸ್ಪಷ್ಟವಾಗಿ ಯಾವ ವಕೀಲರೂ ಆಮೇಲೆ ನಮಗೆ ವಿವರಿಸಲಿಲ್ಲ. ಕಟ್ಟಡದ ಪರವಾನಗಿ ಕಟ್ಟಡಕ್ಕೆ ಮಾತ್ರ. ಖಾಸಗಿ ದಾರಿಯ ಹಕ್ಕನ್ನು ಅಳಿಸುವ ಶಕ್ತಿ ಅದಕ್ಕಿಲ್ಲ. ಸಾರ್ವಜನಿಕ ದಾರಿಯೇ ಆಗಿದ್ದರೂ, 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕೇಳಿಯೇ ಅದರ ಮೇಲಿನ ಹಕ್ಕನ್ನು ರದ್ದು ಮಾಡಬೇಕು. ಅಕ್ಕನಿಗೆ ಹೊಸ ದಾರಿಯ ಮೇಲೆ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದಕ್ಕೆ ಹಿಂದಿನ ಆಟಿಯಲ್ಲಿ ಅವರ ಅತ್ತೆಗೆ ಉಸಿರು ಕಟ್ಟಿದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ರಸ್ತೆಗೆ ಹೊತ್ತಿದ್ದರು. ಹಳೆಯ ದಾರಿಯಾದ್ದರಿಂದ ಕಣ್ಣು ಮುಚ್ಚಿಯೂ ಕಾಲಿಗೆ ಗುರುತಿತ್ತು. ಗುಡ್ಡೆಯ ಬದಿಯ ಏರಿನಲ್ಲಿ ಕುರ್ಚಿ ಹೊರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಮೈದುನನಿಗೆ ಕೋಪ ಬಂತು. ನಮ್ಮ ನೆಲ, ನಾವು ದಾರಿ ಬೇಡ ಎನ್ನುತ್ತಿಲ್ಲ, ಎಲ್ಲಿ ಎಂದು ಹೇಳುವವರು ನಾವು ಎಂದ. ಹೀಗೆ ಹೇಳುವವರು ನಮ್ಮೂರಿನಲ್ಲಿ ತುಂಬ ಜನ, ಅವರೆಲ್ಲ ಕೆಟ್ಟವರಲ್ಲ. ಆದರೆ ಕಾನೂನು ಅವರ ಪರವಾಗಿಲ್ಲ, ಇರಬಾರದು ಎಂದೇ ನನ್ನ ಅಭಿಪ್ರಾಯ. ದಾರಿಯ ಬೆಲೆ ಗೊತ್ತಿರುವುದು ದಿನಕ್ಕೆ ನಾಲ್ಕು ಸಲ ನಡೆಯುವವರಿಗೆ. ನೆಲದವರಿಗೆ ಅದು ತೋಟದ ಒಂದು ಅಂಚು.

ಕೊನೆಗೆ ಒಂದು ಮಳೆಯ ದಿನ ನಾನು, ಅಕ್ಕ, ಮೈದುನ ಮೂವರೂ ಕೊಡೆ ಹಿಡಿದು ಹೊಸ ಗೆರೆಯಲ್ಲಿ ನಡೆದೆವು. ಬಿಸಿಲಿನಲ್ಲಿ ನಡೆದರೆ ಯಾವ ದಾರಿಯೂ ಒಳ್ಳೆಯದೇ. ನಡೆಯುತ್ತಾ ನಡೆಯುತ್ತಾ ಅಕ್ಕ ಎರಡು ಕಡೆ ನಿಂತರು: ದರೆಯ ನೀರು ದಾರಿಗೇ ಬೀಳುವಲ್ಲಿ ಒಮ್ಮೆ, ತೋಡಿನ ಹತ್ತಿರ ಒಮ್ಮೆ. ಮೈದುನ ಸುಮ್ಮನೆ ನೋಡಿದ. ಬಳಿಕ ಅವನೇ ದರೆ ತಗ್ಗಿಸಿ ಚರಂಡಿ ಮಾಡಿಸಿದ, ಮರದ ಸಂಕ ಆಗದು, ಮೋರಿ ಹಾಕೋಣ ಎಂದ. ರಿಕ್ಷಾ ಬರುವಷ್ಟು ಅಗಲಕ್ಕೂ ಒಪ್ಪಿದ. ಅದರಿಂದ ಅವರಿಗೆ ಕಾಲುದಾರಿ ಹೋಗಿ ವಾಹನದ ದಾರಿ ಸಿಕ್ಕಿತು.

ಬಾಯಿಮಾತು ಸಾಕು ಎಂದು ಎರಡು ಕಡೆಯವರೂ ಹೇಳಿದರು. ಕಾಗದ ಬೇಕೆಂದು ಹಟ ಹಿಡಿದವಳು ನಾನು. ಇವತ್ತು ಪ್ರೀತಿ ಇದೆ, ನಾಳೆ ಜಾಗ ಮಾರಿದರೆ ಕೊಂಡವರಿಗೆ ಈ ಪ್ರೀತಿಯ ಪರಿಚಯ ಇರುವುದಿಲ್ಲ. ಹಳೆಯ ದಾರಿಯ ಹಕ್ಕು ಬಿಟ್ಟದ್ದು, ಹೊಸದನ್ನು ಕೊಟ್ಟದ್ದು, 10 ಅಡಿ ಅಗಲ, ವಾಹನಕ್ಕೂ ಹೌದು ಎಂಬುದು, ಮೋರಿಯ ರಿಪೇರಿ ಯಾರದ್ದು ಎಂಬುದು ಎಲ್ಲವನ್ನೂ ಬರೆದು, ಅಳತೆಯ ಸ್ಕೆಚ್ ಲಗತ್ತಿಸಿ ನೋಂದಣಿ ಮಾಡಿಸಿದೆವು. ಮುಂದೆ ಯಾರಾದರೂ ಋಣಭಾರ ಪತ್ರ ತೆಗೆಸಿದರೆ ಅದರಲ್ಲಿ ಕಾಣಬೇಕು. ಹೊಸ ದಾರಿಯಲ್ಲಿ ರಿಕ್ಷಾ ಓಡಿದ ಮೇಲೆಯೇ ಹಳೆಯದಕ್ಕೆ ಪಾಯದ ಗುದ್ದಲಿ ಎಂಬ ಷರತ್ತನ್ನು ಅಕ್ಕ ಹಾಕಿದ್ದರು, ಅದೂ ಬರವಣಿಗೆಯಲ್ಲಿದೆ.

ಇನ್ನೊಂದು ಮನೆಯ ಯಜಮಾನರು ಮುಂಬಯಿಯಲ್ಲಿದ್ದಾರೆ, ಅವರ ತಮ್ಮ ಇಲ್ಲಿ ತೋಟ ನೋಡಿಕೊಳ್ಳುತ್ತಾರೆ. ಅವರೂ ಹೊಸ ದಾರಿಯಲ್ಲೇ ಬೈಕ್ ಬಿಡುತ್ತಾರೆ, ಆದರೆ ಆರ್‌ಟಿಸಿ ಅಣ್ಣನ ಹೆಸರಿನಲ್ಲಿರುವುದರಿಂದ ಸಹಿ ಹಾಕುವಂತಿಲ್ಲ. ಯಜಮಾನರು ಊರಿನ ಕೋಲಕ್ಕೆ ಬಂದಾಗ ಮಾಡುವ ಎಂದಿದ್ದಾರೆ. ಮೈದುನ ಮನೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕಟ್ಟಿದ. ಅವನ ಅಡುಗೆಮನೆಯ ಹಿಂದೆ ಹಳೆಯ ದಾರಿಯ ಮೂರಡಿ ಈಗಲೂ ಹಾಗೆಯೇ ಇದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲು ಹಾಕಬೇಕೆಂದು ಅವನ ಹೆಂಡತಿಗೆ ಆಸೆ. ಮುಂಬಯಿಯ ಸಹಿ ಬೀಳುವವರೆಗೆ ಹಾಕುವ ಹಾಗಿಲ್ಲ ಎಂದು ಹೇಳಿದ್ದೇನೆ.