ಸುಟ್ಟು ಕಲಿಸುವ ವಾರ್ಡು

ದಕ್ಷಿಣ ಕೊರಿಯಾದ ನರ್ಸ್‌ಗಳ ಬಾಯಲ್ಲಿ ‘ತೇಉಮ್’ ಎಂಬ ಮಾತಿದೆ. ಸುಡುವುದು ಎಂದು ಅದರ ಅರ್ಥ. ಹೊಸದಾಗಿ ಬಂದವಳನ್ನು ಹಿರಿಯರು ಬೂದಿಯಾಗುವ ತನಕ ಗೋಳುಹೊಯ್ದುಕೊಳ್ಳುವುದಕ್ಕೆ ಅವರೇ ಇಟ್ಟ ಹೆಸರು.

ಸುಡುವುದು ಹೆಚ್ಚಾಗಿ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ. ಕೇಸ್‌ಶೀಟು ಓದಿಕೊಳ್ಳಲೆಂದು ಗಂಟೆ ಮುಂಚೆಯೇ ಬಂದು, ಊಟ ಬಿಟ್ಟು ಓಡಾಡಿದ ಹುಡುಗಿ ಈಗ ತನ್ನ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸಬೇಕು. ಡ್ರಿಪ್ ಎಷ್ಟು ಹೋಗಿದೆ? ಮೂತ್ರ ಎಷ್ಟಾಯಿತು? ಗೊತ್ತಿಲ್ಲದಿದ್ದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದೆ? ಒಂದು ಉತ್ತರ ತಡವರಿಸಿದರೆ ಎಲ್ಲರೆದುರೇ ಬೈಗುಳ.

ಇದು ಕೊರಿಯಾದವರ ಸ್ವಭಾವ ಎಂದು ಕೈತೊಳೆದುಕೊಳ್ಳುವಂತಿಲ್ಲ. ನರ್ಸ್‌ಗಳು ತಮ್ಮ ಮರಿಗಳನ್ನೇ ತಿನ್ನುತ್ತಿದ್ದಾರೆಯೇ ಎಂದು ಅಮೆರಿಕದ ನರ್ಸ್ ಜೂಡಿತ್ ಮೈಸ್ನರ್ 1986ರಲ್ಲೇ ಕೇಳಿದ್ದರು. ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ ತೆರೆದಾಗ ಕಲಿಯಲು ಬಂದವರೇ ವಾರ್ಡಿನಲ್ಲಿ ದುಡಿಯುವ ಕೈಗಳೂ ಆದರು. ಆ ಪದ್ಧತಿ ಊರೂರಿಗೆ ಹಬ್ಬಿತು. ಕೊರಿಯಾದ ಮೊದಲ ನರ್ಸಿಂಗ್ ಶಾಲೆಯನ್ನು ಸಿಯೋಲ್‌ನ ಮಹಿಳಾ ಆಸ್ಪತ್ರೆಯೊಂದರಲ್ಲಿ 1903ರಲ್ಲಿ ತೆರೆದವರು ಮಿಷನರಿ ನರ್ಸ್, ಮಾರ್ಗರೆಟ್ ಎಡ್ಮಂಡ್ಸ್. ಈಗ ಪಾಠ ಕಾಲೇಜಿನಲ್ಲಿ ನಡೆಯುತ್ತದೆ, ನಿಜ. ಆದರೆ ವಾರ್ಡಿನಲ್ಲಿ ಕೈಹಿಡಿದು ಕಲಿಸಬೇಕಾದ ಹಿರಿಯ ನರ್ಸ್‌ಗೆ ತನ್ನ ಪಾಲಿನ ರೋಗಿಗಳೂ ಇರುತ್ತಾರೆ. ಕಲಿಸಲು ಬಿಡುವಿಲ್ಲದಾಗ ಗದರುವುದೇ ಪಾಠವಾಗುತ್ತದೆ. ಹಾಗೆಂದು ಗದರಿದವರ ತಪ್ಪು ಮಾಫಿಯಾಗದು.

2018ರ ಫೆಬ್ರವರಿ, ಚಾಂದ್ರಮಾನ ಹೊಸ ವರ್ಷದ ರಜೆ. ಸಿಯೋಲ್‌ನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿ ಆರು ತಿಂಗಳೂ ಆಗದ ನರ್ಸ್ ಒಬ್ಬಳು ಪ್ರಾಣ ಕಳೆದುಕೊಂಡಳು. ಅವಳನ್ನು ಕಂಡೇ ಇರದ ನರ್ಸ್‌ಗಳು ಮೇಣದಬತ್ತಿ ಹಿಡಿದು ಬೀದಿಗೆ ಬಂದರು. ‘ನಾನೂ ನೀನೇ ಆಗಿದ್ದೆ’ ಎಂಬುದು ಅವರ ಘೋಷಣೆ.

ಪೊಲೀಸರಿಗೆ ಕಿರುಕುಳದ ಸಾಕ್ಷ್ಯ ಸಿಗಲಿಲ್ಲ. ಆದರೆ ಮರುವರ್ಷ ಮಾರ್ಚ್‌ನಲ್ಲಿ ಕಾರ್ಮಿಕ ಪರಿಹಾರ ಸಂಸ್ಥೆ ಅದು ಕೆಲಸದಿಂದಲೇ ಆದ ಸಾವು ಎಂದು ಒಪ್ಪಿತು. ಸರಿಯಾಗಿ ಕಲಿಸದೆ ಭಾರ ಹೊರಿಸಿದ್ದನ್ನು ಕಾರಣವಾಗಿ ಎತ್ತಿ ಹೇಳಿತು. ನರ್ಸ್‌ಗಳ ಹೋರಾಟಕ್ಕೆ ಇದು ದೊಡ್ಡ ಗೆಲುವು ಎನ್ನಬೇಕು. 2019ರ ಜುಲೈ 16ರಿಂದ ಕೆಲಸದ ಜಾಗದ ಕಿರುಕುಳವನ್ನು ನಿಷೇಧಿಸುವ ಕಾನೂನೂ ಜಾರಿಗೆ ಬಂತು. ದೂರು ಕೊಟ್ಟವರಿಗೆ ಅದರಲ್ಲಿ ರಕ್ಷಣೆಯಿದೆ. ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಬೇಕು ಎಂಬ ಮಾತು ಮಾತ್ರ ಅದರಲ್ಲಿಲ್ಲ.

2021ರಲ್ಲಿ ಹೊಸ ನರ್ಸ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ಅವರು ನೋಡುತ್ತಿದ್ದ ಹಾಸಿಗೆಗಳು ಉಳಿದವರ ಪಾಲಿಗೆ ಬಂದವು.